ಒತ್ತಿದರೆ ನೋಯುವ ಎದೆ: ಸ್ಕ್ಯಾನಿಂಗ್ ಬೇಕೆ?

ಎದೆಯಲ್ಲಿ ಚಳಕು ಬಂದೊಡನೆ ಮನೆಮಂದಿಗೆಲ್ಲ ಗಾಬರಿ. ಗಾಬರಿಪಡುವುದರಲ್ಲಿ ತಪ್ಪೇನಿಲ್ಲ. 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿದು ಮಲಗುವುದೇ ಹೆಚ್ಚು ಅಪಾಯಕಾರಿ. ಎದೆನೋವಿಗೆ ಮೊದಲು ಇ.ಸಿ.ಜಿ., ವೈದ್ಯರು ಹೇಳಿದರೆ ರಕ್ತಪರೀಕ್ಷೆ. ಒತ್ತಿದಾಗ ನೋವಾಗುತ್ತದೆ ಎಂದ ಮಾತ್ರಕ್ಕೆ ಹೃದಯ ಸರಿಯಾಗಿದೆ ಎಂದುಕೊಳ್ಳಬಾರದು.

ಹೃದಯದ ತೊಂದರೆ ಇಲ್ಲವೆಂದು ಖಾತ್ರಿಯಾದ ಮೇಲೂ ಎದೆಯ ಒಂದೇ ಜಾಗ ನೋಯುತ್ತಿದ್ದರೆ ಎದೆಗೋಡೆಯನ್ನು ಗಮನಿಸಬೇಕು. ಪಕ್ಕೆಲುಬುಗಳು ಎದೆಯ ನಡುಮೂಳೆಯನ್ನು ಸೇರುವುದು ಮೃದ್ವಸ್ಥಿಯ ಮೂಲಕ. ವಾರಗಟ್ಟಲೆ ಕೆಮ್ಮಿದ್ದರಿಂದ, ಭಾರ ಎತ್ತಿದ್ದರಿಂದ, ಎಷ್ಟೋ ವೇಳೆ ಯಾವ ಕಾರಣವೂ ಕಾಣದೆ, ಇಲ್ಲಿ ಉರಿಯೂತವಾಗುತ್ತದೆ. ಇದೇ ಕಾಸ್ಟೋಕಾಂಡ್ರೈಟಿಸ್. ನೋವಿನ ಜೊತೆಗೆ ಊತವೂ ಇದ್ದರೆ ಅದು ಟೀಟ್ಸೆ ಕಾಯಿಲೆ ಇರಬಹುದು. ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ಇದನ್ನು ವಿವರಿಸಿದ. ಊತ ಸಾಮಾನ್ಯವಾಗಿ 2 ಅಥವಾ 3ನೆಯ ಪಕ್ಕೆಲುಬಿನ ಬಳಿ ಇರುತ್ತದೆ.

ಎಕ್ಸ್-ರೇಯಲ್ಲಿ ಮೃದ್ವಸ್ಥಿ ಸರಿಯಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗೇ ಇದು; ಆದರೆ ಚರ್ಮದ ಕೆಳಗಿನದನ್ನು ಸ್ಪಷ್ಟವಾಗಿ ತೋರಿಸುವ ಬೇರೆ ಪ್ರೋಬ್ ಬಳಸುತ್ತಾರೆ. ವಿಕಿರಣದ ಭಯವಿಲ್ಲ. ನೋಯುವ ಬದಿಯನ್ನು ನೋಯದ ಬದಿಯೊಡನೆ ಹೋಲಿಸಿದಾಗ ಮೃದ್ವಸ್ಥಿ ದಪ್ಪಗಾಗಿದೆಯೇ, ಸುತ್ತ ಊದಿದೆಯೇ ಎಂದು ತಿಳಿಯುತ್ತದೆ. ಡಾಪ್ಲರ್ ಹಾಕಿದರೆ ಅಲ್ಲಿ ರಕ್ತದ ಹರಿವು ಹೆಚ್ಚಿರುವುದೂ ಕಂಡೀತು.

ಹಾಗೆಂದು ಎಲ್ಲರೂ ಸ್ಕ್ಯಾನಿಂಗ್‌ಗೆ ಓಡಬೇಕಾಗಿಲ್ಲ. ಊತವಿಲ್ಲದ ನೋವಿಗೆ ವೈದ್ಯರ ಬೆರಳೇ ಸಾಕು; ಸ್ಕ್ಯಾನ್ ಸರಿಯಾಗಿದ್ದೂ ಕಾಯಿಲೆ ಇರಬಹುದು. ಊತವಿದ್ದರೆ ಮಾತ್ರ ತಡಮಾಡಬೇಡಿ. ನಮ್ಮಲ್ಲಿ ಪಕ್ಕೆಲುಬಿನ ಕ್ಷಯ ಇಂದಿಗೂ ಇದೆ. ಅದರ ಕೀವಿನ ಗಂಟು ಕೆಂಪಾಗದೆ, ಬಿಸಿಯಾಗದೆ ಸದ್ದಿಲ್ಲದೆ ಬೆಳೆಯುತ್ತದೆ. ಗೆಡ್ಡೆಯೂ ಇರಬಹುದು. ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರಂತೂ ಪರೀಕ್ಷೆ ಆಗಲೇಬೇಕು. ಸ್ಕ್ಯಾನ್ ನೋಡುತ್ತಲೇ ಸೂಜಿ ಚುಚ್ಚಿ ಕೀವು ತೆಗೆದು ಪರೀಕ್ಷೆಗೆ ಕಳುಹಿಸಬಹುದು.

ಬರೀ ಉರಿಯೂತವಾದರೆ ವಿಶ್ರಾಂತಿ, ಶಾಖ, ಕೆಲದಿನ ನೋವಿನ ಮಾತ್ರೆ ಸಾಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು. ತೀರಾ ಬಗ್ಗದ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಉಂಟು. ಕೆಳಗೆ ಶ್ವಾಸಕೋಶ ಇರುವುದರಿಂದ, ಸ್ಕ್ಯಾನ್‌ನಲ್ಲಿ ಸೂಜಿಯನ್ನು ಕಾಣುತ್ತಾ ಕೊಡುವುದು ಕ್ಷೇಮ.

ಗುಣವಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಊತ ಇಳಿಯದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಮೊದಲಿನ ಅಳತೆಯೊಡನೆ ಹೋಲಿಸುತ್ತಾರೆ. ಆಗ ಹಳೆಯ ಚಿತ್ರ, ವರದಿ ಎರಡನ್ನೂ ಮರೆಯದೆ ಒಯ್ಯಿರಿ.