ಬಾವಿಯ ನೀರೂ ರಸಾಯನಶಾಸ್ತ್ರದ ಪದವೀಧರರೂ

ರಸಾಯನಶಾಸ್ತ್ರವನ್ನೋದಿ ಬಿ.ಎಸ್‌ಸಿ. ಪದವಿ ಪಡೆದವರಿಗೆ ಏನು ತಿಳಿದಿರಬೇಕು, ಏನು ಮಾಡಲು ಬರಬೇಕು? ಪಠ್ಯಕ್ರಮದ ಪಟ್ಟಿಯನ್ನು ಬದಿಗಿರಿಸಿ, ಬೀದರ ಜಿಲ್ಲೆಯ ಬಾವಿಯೊಂದರ ನೀರನ್ನು ಅವರ ಮುಂದಿಟ್ಟು ನೋಡೋಣ.

ಬಸವಕಲ್ಯಾಣ, ಹುಮನಾಬಾದುಗಳ ನೆಲದಡಿಯಲ್ಲಿರುವುದು ಕಪ್ಪು ಬಸಾಲ್ಟ್ ಶಿಲೆ. ಅಲ್ಲಲ್ಲಿ ಮೇಲೆ ಜಂಬಿಟ್ಟಿಗೆಯ ಹೊದಿಕೆ. ಬಸಾಲ್ಟಿನ ಸೀಳುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪಡೆದು ಗಡಸಾಗುತ್ತದೆ. ಅಂಥ ನೀರಿನಲ್ಲಿ ಸಾಬೂನು ನೊರೆಗಟ್ಟದು. ಬೇಳೆ ಬೇಗ ಬೇಯದು.

ಈ ಗಡಸುತನವನ್ನು ಅಳೆಯುವ ಬಗೆ ಹೀಗೆ: 50 ಮಿ.ಲೀ. ನೀರಿಗೆ ಅಮೋನಿಯಾ ಬಫರನ್ನು ಸೇರಿಸಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಹಾಕಿದರೆ ದ್ರಾಕ್ಷಾರಸದ ಕೆಂಪು ಮೂಡುತ್ತದೆ. ಬ್ಯುರೆಟ್ಟಿನಿಂದ 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣವನ್ನು ಹನಿಸುತ್ತ ಹೋದಂತೆ ಅದು ಲೋಹದ ಅಯಾನುಗಳನ್ನು ಸೆರೆಹಿಡಿಯುತ್ತದೆ. ಕಡೆಗೆ ಸೂಚಕಕ್ಕೆ ಅಂಟಿದ್ದ ಅಯಾನುಗಳನ್ನೂ ಕಿತ್ತುಕೊಂಡೊಡನೆ ಬಣ್ಣ ನೀಲಿಗೆ ತಿರುಗುತ್ತದೆ. ಈ ದ್ರಾವಣದ 1 ಮಿ.ಲೀ., 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 18.4 ಮಿ.ಲೀ. ಖರ್ಚಾಯಿತೆನ್ನಿ, ಗಡಸುತನ ಲೀಟರಿಗೆ 368 ಮಿ.ಗ್ರಾಂ ಆಯಿತು.

ಎರಡನೆಯ ಸಲ 18.9 ಬಂದರೋ? ಅದನ್ನು ಅಳಿಸಿ 18.4 ಎಂದು ಬರೆದರೆ ಕಾಲೇಜಿನಲ್ಲಿ ಅಂಕ ದೊರೆತೀತು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕಗಳ ಕಾರ್ಖಾನೆಗಳಿವೆಯಷ್ಟೆ. ನಾಳೆ ಅಂಥ ಕಡೆ ಔಷಧದ ಶುದ್ಧತೆಗೆ ರುಜು ಹಾಕುವುದೂ ಇದೇ ಕೈ! ವ್ಯತ್ಯಾಸವೇಕೆ ಬಂತೆಂದು ಹುಡುಕಿ, ಅಳತೆಗಳು ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮಾಡುವುದೇ ಕಲಿಯಬೇಕಾದ ವಿದ್ಯೆ.

ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಮೀರಬಾರದು, ಬೇರೆ ನೀರಿಲ್ಲದೆಡೆ 600ರವರೆಗೆ ಸಲ್ಲುತ್ತದೆ. ಆದರೆ ಊರಿನವರು ಬಂದು, “ಕಾರ್ಖಾನೆಯ ನೀರು ನಮ್ಮ ಬಾವಿಗೆ ಸೇರಿದೆಯೇ?” ಎಂದು ಕೇಳಿದರೆ 368 ಎಂಬ ಅಂಕಿ ಮೂಕವಾಗುತ್ತದೆ. ಅಷ್ಟು ಗಡಸುತನ ಶಿಲೆಯಿಂದಲೇ ಬಂದಿರಬಹುದು. ಇಲ್ಲಿ ಬೇರೆ ಪರೀಕ್ಷೆ ಬೇಕು: ನೀರನ್ನು ಗಂಧಕಾಮ್ಲ ಮತ್ತು ಪೊಟ್ಯಾಸಿಯಂ ಡೈಕ್ರೋಮೇಟಿನೊಡನೆ 2 ಗಂಟೆ ಕುದಿಸಿ, ಅದರಲ್ಲಿ ಉತ್ಕರ್ಷಣ ಹೊಂದುವ ವಸ್ತುವೆಷ್ಟೆಂದು ತಿಳಿಯಬೇಕು. ಕಾರ್ಖಾನೆಗಳಿಂದ ದೂರದ, ಅದೇ ಶಿಲೆಯ ಬಾವಿಯೊಂದರ ನೀರನ್ನೂ ಹೋಲಿಕೆಗಾಗಿ ತರಬೇಕು. ವ್ಯತ್ಯಾಸ ಕಂಡರೂ ಬೆರೆತ ವಸ್ತು ಯಾವುದೆಂದು ಈ ಪರೀಕ್ಷೆ ಹೇಳದು. ಅದಕ್ಕೆ ಕ್ರೊಮಟೋಗ್ರಫಿಯೇ ಮೊದಲಾದ ವಿಧಾನಗಳಿವೆ.

ಇನ್ನೊಂದು ಮಾತು. ಈ ಪರೀಕ್ಷೆಯಲ್ಲಿ ಕ್ಲೋರೈಡಿನ ಅಡ್ಡಿಯನ್ನು ತಡೆಯಲು ಪಾದರಸದ ಲವಣವನ್ನು ಹಾಕುವುದುಂಟು. ಹಾಗಾಗಿ ಉಳಿದ ದ್ರಾವಣದಲ್ಲಿ ಪಾದರಸವೂ ಕ್ರೋಮಿಯಮ್ಮೂ ಇರುತ್ತವೆ. ಅದನ್ನು ಪ್ರಯೋಗಶಾಲೆಯ ಮೋರಿಗೆ ಚೆಲ್ಲದೆ, ಗುರುತುಚೀಟಿ ಅಂಟಿಸಿದ ಸೀಸೆಯಲ್ಲಿ ಬೇರೆಯಾಗಿ ತೆಗೆದಿಡಬೇಕು.