ಕೊನೆಯ ಮುನ್ನೂರು ಮೀಟರ್

ಬೆಂಗಳೂರಿನ ಕೆಲಸ ಬಿಡದೆಯೇ ಬೆಂಗಳೂರು ಬಿಟ್ಟು ಬಂದ ಅಕ್ಕನ ಮಗ, ಬ್ಯಾಗನ್ನು ಜಗುಲಿಯ ಮೇಲಿಟ್ಟವನೇ ಕೇಳಿದ: "ಮಾವ, ಇಲ್ಲಿ ಯಾವ ಪ್ಲಾನ್ ಹಾಕಿಸಿದ್ರೆ ಒಳ್ಳೇದು? ನೂರು ಎಂಬಿಪಿಎಸ್ಸಾ, ಇನ್ನೂರಾ?"

"ಪ್ಲಾನ್ ಆಮೇಲೆ ನೋಡುವಾ. ಮೊದಲು ಗುಡ್ಡ ನೋಡು ಬಾ" ಎಂದು ಅಂಗಳಕ್ಕೆ ಕರೆದೆ.

ನಮ್ಮ ಶಿರಸಿ ಸೀಮೆಯ ಮನೆಗಳು ಇರುವುದೇ ತಗ್ಗಿನಲ್ಲಿ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತ ಬೇಡ. ಹಿರಿಯರು ಕಣಿವೆ ಹುಡುಕಿ ತೋಟ ಮಾಡಿದರು, ತೋಟದ ತಲೆಗೆ ಮನೆ ಕಟ್ಟಿದರು. ರೇಡಿಯೊ ಅಲೆಗೆ ಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದೆಸಿದ ಮಾಳ ಕಟ್ಟಿಕೊಂಡು ಪಾಠ ಕೇಳಿದ್ದು ಇದೇ ಕಾರಣಕ್ಕೆ. ಪೇಟೆಯಲ್ಲಿ ಇಂಟರ್ನೆಟ್ ಆರಿಸುವುದೆಂದರೆ ದರಪಟ್ಟಿ ಓದುವುದು. ಇಲ್ಲಿ ಹಾಗಲ್ಲ. ಡಾಂಬರು ರಸ್ತೆಯಿಂದ ಮನೆಯವರೆಗಿನ ಮುನ್ನೂರು ಮೀಟರನ್ನು ಗಾಳಿಯಲ್ಲಿ ದಾಟುವುದೋ, ಗಾಜಿನಲ್ಲೋ, ಆಕಾಶ ಸುತ್ತಿ ಬರುವುದೋ ಎಂದು ಮೊದಲು ತೀರ್ಮಾನಿಸಬೇಕು.

ಅಳಿಯ ಫೋನ್ ತೆಗೆದು, "ಎರಡು ಕಡ್ಡಿ ಬರ್ತದಲ್ಲ" ಅಂದ. ಕಡ್ಡಿಯನ್ನು ನಂಬಬಾರದು. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನ್ ತಯಾರಿಸುವವರಿಗೆ ಬಿಟ್ಟ ವಿಷಯ. ಸೆಟ್ಟಿಂಗ್ಸ್ ಒಳಗೆ ಹೊಕ್ಕು ಸಿಮ್ ಸ್ಟೇಟಸ್ ನೋಡಿದರೆ ಡಿಬಿಎಂ ಎಂಬ ಮಾನದಲ್ಲಿ ಒಂದು ಋಣಸಂಖ್ಯೆ ಸಿಗುತ್ತದೆ. 4ಜಿಯಲ್ಲಿ −80 ಇದ್ದರೆ ಸೊಗಸು, −110 ಅಂದರೆ ಏದುಸಿರು. ಈ ಲೆಕ್ಕದಲ್ಲಿ ಹತ್ತು ಅಂಕ ಇಳಿದರೆ ಶಕ್ತಿ ಹತ್ತನೇ ಒಂದಾಗುತ್ತದೆ. ಹಾಗಾಗಿ −80ಕ್ಕೂ −110ಕ್ಕೂ ನಡುವಿನ ಅಂತರ ಸಾವಿರ ಪಟ್ಟು. ನಮ್ಮ ಅಟ್ಟದ ಕಿಟಕಿಯಲ್ಲಿ −98 ಬಂತು, ದಪ್ಪ ಮಣ್ಣಿನ ಗೋಡೆಯ ಅಡುಗೆಮನೆಯಲ್ಲಿ −117.

ಗುಡ್ಡ ದಾಟುವ ಅಲೆ ಯಾವುದು, ದಾಟದ್ದು ಯಾವುದು ಎಂಬುದಕ್ಕೂ ಲೆಕ್ಕವಿದೆ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮೊಳ. ಪೇಟೆಯ ವೇಗದ 5ಜಿ ಓಡುವ 3500 ಮೆಗಾಹರ್ಟ್ಸಿನದು ನಾಲ್ಕೈದು ಬೆರಳಗಲ. ಇನ್ನೂ ಮೇಲಿನ 26 ಗಿಗಾಹರ್ಟ್ಸಿನದು ಕಿರುಬೆರಳಿನ ದಪ್ಪ. ಅಲೆ ಉದ್ದವಾದಷ್ಟೂ ಗುಡ್ಡದ ಅಂಚಿನಲ್ಲಿ ಬಾಗಿ ಕೆಳಗಿಳಿಯುತ್ತದೆ, ಎಲೆ ಕೊಂಬೆಗಳ ನಡುವೆ ನುಸುಳುತ್ತದೆ. ಗಿಡ್ಡ ಅಲೆ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಒದ್ದೆ ಹಲಸಿನ ಮರವೊಂದು ಅಡ್ಡ ಬಂದರೂ ಸೋಲುತ್ತದೆ. ಎರಡು ಸಲ ಯಾರೂ ಕೊಳ್ಳದೆ ಉಳಿದಿದ್ದ 700ರ ಬ್ಯಾಂಡ್ 2022ರ ಹರಾಜಿನಲ್ಲಿ ಕೊನೆಗೂ ಮಾರಾಟವಾದದ್ದು ಹಳ್ಳಿಗಳ ಮಟ್ಟಿಗೆ ಸಣ್ಣ ಸುದ್ದಿಯಲ್ಲ.

ಗೋಡೆಯ ಹೊರಗೆ ಆಂಟೆನಾ ಕೂರಿಸಿ ಮೊಬೈಲ್ ಸಿಗ್ನಲನ್ನೇ ಮನೆಯ ವೈಫೈ ಮಾಡಿಕೊಡುವ ಸೇವೆಗಳು ಈಗ ಬಂದಿವೆ. ಟವರ್ ಕಾಣುವ ಮನೆಗೆ ಅವು ಚೆನ್ನ. ದೂರದರ್ಶನದ ಕಾಲದಲ್ಲಿ ಬಿದಿರ ಗಳಕ್ಕೆ ಕಟ್ಟಿದ ಆಂಟೆನಾವನ್ನು ಒಬ್ಬ ತಿರುಗಿಸುತ್ತ "ಬಂತಾ?" ಎನ್ನುವುದು, ಒಳಗಿಂದ ಮತ್ತೊಬ್ಬ "ಹೋತು, ಹೋತು, ಹಿಂದೆ ತಿರುಗ್ಸು" ಎಂದು ಕೂಗುವುದು ನೆನಪಿದ್ದವರಿಗೆ ಇದೇನೂ ಹೊಸ ವಿದ್ಯೆಯಲ್ಲ. ತೊಂದರೆ ಬರುವುದು ರಾತ್ರಿ ಎಂಟರ ಮೇಲೆ. ಟವರಿನ ಸಾಮರ್ಥ್ಯ ಸುತ್ತಲಿನ ಎಲ್ಲ ಫೋನುಗಳಿಗೂ ಹಂಚಿಹೋಗಬೇಕು. ಹಗಲು ಹನ್ನೊಂದಕ್ಕೆ ವೇಗ ಅಳೆದು ಖುಷಿಪಟ್ಟು ದುಡ್ಡು ಕಟ್ಟಿದವರು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ. ಅಳೆಯುವುದಾದರೆ ಸಂಜೆ ಅಳೆಯಿರಿ, ಮಳೆ ಬರುವಾಗ ಇನ್ನೊಮ್ಮೆ ಅಳೆಯಿರಿ.

ನಮ್ಮ ಪಕ್ಕದ ಊರಿನವರು ಐದು ಕಿಲೋಮೀಟರ್ ಆಚೆಯ ಗುಡ್ಡದಿಂದ ಪುಟ್ಟ ಡಿಶ್ ಮೂಲಕ ನೇರ ರೇಡಿಯೊ ಸಂಪರ್ಕ ತಂದಿದ್ದರು. ಮೂರು ವರ್ಷ ಚೆನ್ನಾಗಿ ನಡೆದದ್ದು ಆಮೇಲೆ ಕುಂಟತೊಡಗಿತು. ಡಿಶ್ಶಿನಿಂದ ಡಿಶ್ಶಿಗೆ ಕಣ್ಣಿಗೇನೂ ಅಡ್ಡವಿಲ್ಲ! ಆದರೆ ರೇಡಿಯೊ ಅಲೆ ಹಗ್ಗದ ಹಾಗೆ ಗೆರೆ ಹಿಡಿದು ಹೋಗುವುದಿಲ್ಲ, ಮದ್ದಳೆಯ ಹಾಗೆ ನಡುವಿನಲ್ಲಿ ಉಬ್ಬುತ್ತದೆ. 5.8 ಗಿಗಾಹರ್ಟ್ಸಿನಲ್ಲಿ ಐದು ಕಿಲೋಮೀಟರಿನ ಸಂಪರ್ಕಕ್ಕೆ ನಡುಮಧ್ಯದಲ್ಲಿ ಸುತ್ತಲೂ ಎಂಟು ಮೀಟರ್ ಜಾಗ ಬೇಕು. ಆ ಎಂಟು ಮೀಟರಿನೊಳಗೆ ಮೂರು ವರ್ಷದಲ್ಲಿ ಅಕೇಶಿಯಾ ತಲೆಹಾಕಿತ್ತು.

ಇನ್ನು ಗಾಜು. ಸಿಗುವುದಾದರೆ ಕಣ್ಣುಮುಚ್ಚಿ ಫೈಬರ್ ಹಾಕಿಸಿ ಎನ್ನುವವನು ನಾನು. 1966ರಲ್ಲಿ ಚಾರ್ಲ್ಸ್ ಕಾವೊ, ಗಾಜಿನ ಕಲ್ಮಶ ತೆಗೆದರೆ ಬೆಳಕನ್ನು ಅದರೊಳಗೆ ಬಹುದೂರ ಕಳಿಸಬಹುದು ಎಂದು ತೋರಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಇವತ್ತಿನ ಎಳೆಯಲ್ಲಿ ಬೆಳಕು ಹತ್ತು ಕಿಲೋಮೀಟರ್ ಸಾಗಿದರೂ ಸುಮಾರು ಅರ್ಧ ಉಳಿದಿರುತ್ತದೆ. ನಷ್ಟ ಹೆಚ್ಚಾಗುವುದು ದೂರದಿಂದಲ್ಲ, ಹಂಚಿಕೆಯಿಂದ. ಪೇಟೆಯ ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆಯನ್ನು ದಾರಿಯಲ್ಲೊಂದು ಸ್ಪ್ಲಿಟರ್ ಇಟ್ಟು 32 ಮನೆಗೋ 64 ಮನೆಗೋ ಪಾಲು ಮಾಡುತ್ತಾರೆ. ಈ ಸ್ಪ್ಲಿಟರಿಗೆ ಕರೆಂಟೇ ಬೇಡ. ಬೆಳಕು ತಾನಾಗಿ ಕವಲೊಡೆಯುತ್ತದೆ. ಎಕ್ಸ್‌ಚೇಂಜಿನಿಂದ ಹೊರಟದ್ದು ಎರಡು ಮಿಲಿವ್ಯಾಟ್ ಆದರೆ ಮನೆಗೆ ತಲುಪುವುದು ಅದರ ಸಾವಿರದಲ್ಲಿ ಒಂದು ಪಾಲಾದರೂ ಸಾಕು, ಮೋಡೆಮ್ ಓದಿಕೊಳ್ಳುತ್ತದೆ. ಮೀಟರಿನಲ್ಲಿ ಅದು −27. ಅದಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಮಿಣುಕುತ್ತದೆ.

ಹೋದ ಆಷಾಢದಲ್ಲಿ ನಮ್ಮ ಮನೆಯಲ್ಲೂ ಮಿಣುಕಿತು. ನಾಲ್ಕು ದಿನ ದೂರು ಕೊಟ್ಟ ಮೇಲೆ ಲೈನಿನ ಹುಡುಗ ಬಂದ. ಮೀಟರ್ ಸಿಕ್ಕಿಸಿದರೆ −34. ಕಿಸೆಯಿಂದ ಪೆನ್ನಿನಂಥದೊಂದು ತೆಗೆದು ಎಳೆಯ ತುದಿಗೆ ಹಿಡಿದ, ಕೆಂಪು ಲೇಸರು. "ಬನ್ನಿ ಹೆಗಡೇರೇ, ಎಲ್ಲಿ ಸೋರ್ತದೆ ನೋಡುವಾ" ಎಂದು ಕೊಡೆ ಬಿಚ್ಚಿದ. ಮುಸ್ಸಂಜೆ, ಜಡಿಮಳೆ. ಕೇಬಲ್ ಹಿಡಿದು ತೋಟದ ದಂಡೆಗುಂಟ ಹೋದರೆ ಹಲಸಿನ ಮರದ ಕವೆಯಲ್ಲಿ ಅದು ಬೆಂಕಿಪೊಟ್ಟಣದ ಮೂಲೆಯಷ್ಟು ಚೂಪಾಗಿ ಮಡಚಿತ್ತು. ಮಂಗ ಜೋತಾಡಿರಬೇಕು, ಸಿಪ್ಪೆಯೂ ಹರಿದಿತ್ತು. ಅಲ್ಲಿಂದ ಕೆಂಡದ ಕಿಡಿಯಂತೆ ಬೆಳಕು ಹೊರಬರುತ್ತಿತ್ತು. ಗಾಜಿನ ಎಳೆ ಹಿತವಾಗಿ ಬಾಗಿದರೆ ಬೆಳಕು ಒಳಗೋಡೆಗೆ ಬಡಿದು ಬಡಿದು ಮುಂದೆ ಹೋಗುತ್ತದೆ. ಮುರುಟಿದರೆ ಗೋಡೆ ದಾಟಿ ಹೊರಬೀಳುತ್ತದೆ. ಹುಡುಗ ಆ ತುಂಡು ಕತ್ತರಿಸಿ, ವಿದ್ಯುತ್ ಕಿಡಿಯಲ್ಲಿ ಎರಡು ತುದಿ ಕರಗಿಸಿ ಬೆಸೆದ. ಮೀಟರ್ −22 ತೋರಿಸಿತು.

ಅಳಿಯನಿಗೆ ಇದನ್ನು ಹೇಳಿದ್ದು ಒಂದು ಉದ್ದೇಶಕ್ಕೆ. ವಿಡಿಯೊ ಮೀಟಿಂಗಿಗೆ ಹೋಗಲೂ ಬರಲೂ ಎರಡು ಮೂರು ಎಂಬಿಪಿಎಸ್ ಸಾಕು. ಇನ್ನೂರರ ಪ್ಲಾನ್ ಇದ್ದೂ ನಾಲ್ಕು ದಿನ ಸತ್ತು ಮಲಗುವ ಲೈನಿಗಿಂತ, ಕರೆದ ಸಂಜೆಗೆ ಬರುವ ಹುಡುಗನಿರುವ ನಲವತ್ತರ ಲೈನ್ ಮೇಲು. ಕೇಳಬೇಕಾದ್ದು ಜಾಹೀರಾತನ್ನಲ್ಲ, ಆಚೆಮನೆಯವರನ್ನು: ಮಳೆಗಾಲದಲ್ಲಿ ಎಷ್ಟು ದಿನ ಕಡಿದಿತ್ತು?

ಗಾಜಿಗೆ ಇನ್ನೊಂದು ಗುಣವುಂಟು. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಏಪ್ರಿಲ್ ಸಿಡಿಲಿಗೆ ವರ್ಷಕ್ಕೊಂದು ಮೋಡೆಮ್ ಸುಡುತ್ತಿತ್ತು. ಗಾಜು ವಿದ್ಯುತ್ ಹರಿಸುವುದಿಲ್ಲ. ಆದರೆ ಕೇಬಲಿನ ಪಕ್ಕದಲ್ಲೇ ಬಿಗಿತಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಅದನ್ನು ಮನೆಯೊಳಗೆ ತಾರದೆ ಹೊರಗೇ ಕತ್ತರಿಸಿ ಕಟ್ಟಿಸಬೇಕು.

ಮೇಲಿನ ದಾರಿಯನ್ನೂ ಅಳಿಯ ವಿಚಾರಿಸಿದ. ಉಪಗ್ರಹದಲ್ಲಿ ಎರಡು ಜಾತಿ. ಹಾಸನದ ಕೇಂದ್ರದಿಂದ ಇಸ್ರೊ ನೋಡಿಕೊಳ್ಳುವ ಜಿಸ್ಯಾಟ್-11ರಂಥವು 35,786 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ದಕ್ಷಿಣಕ್ಕೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ ಅಲ್ಲಾಡದೆ ನಿಂತಿವೆ. ಅವನ್ನು ಹಿಡಿಯಲು ತೋಟದ ನಡುವೆ ಒಂದು ಬೆಳಕಿಂಡಿ ಸಾಕು. ಆದರೆ ಮಾತು ಮೇಲೆ ಹೋಗಿ ಇಳಿದು, ಉತ್ತರವೂ ಹಾಗೆಯೇ ಬರಲು ಅರ್ಧ ಸೆಕೆಂಡ್ ಬೇಕು. ಮೀಟಿಂಗಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುವ ಕಥೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ, ಇಲ್ಲಿಂದ ಬೆಂಗಳೂರಿಗೆ ಎರಡು ಮೂರು ಮಿಲಿಸೆಕೆಂಡಿನ ದಾರಿ. ಎರಡನೇ ಜಾತಿಯ ಸ್ಟಾರ್‌ಲಿಂಕಿನಂಥವು ಬರೀ 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ತಡ ಕಡಿಮೆ. ಅದಕ್ಕೆ ಭಾರತದಲ್ಲಿ ಪರವಾನಗಿ ಸಿಕ್ಕಿದ್ದು 2025ರಲ್ಲಿ. ಆದರೆ ಅವು ನಿಲ್ಲುವುದಿಲ್ಲ, ಒಂದು ಮರೆಯಾಗುತ್ತಲೇ ಇನ್ನೊಂದನ್ನು ಹಿಡಿಯಬೇಕು. ಅದಕ್ಕೆ ಬೆಳಕಿಂಡಿ ಸಾಲದು, ಅಗಲವಾದ ಆಕಾಶ ಬೇಕು. ಬಯಲುಸೀಮೆಯ ತಾರಸಿಗೆ ಸರಿಹೊಂದುವ ಈ ಸೇವೆ ನಮ್ಮಲ್ಲಿ ಐವತ್ತು ಅಡಿಯ ಅಡಿಕೆ ಮರಗಳ ಜೊತೆ ಜಗಳಾಡಬೇಕಾದೀತು.

ಕಡೆಗೆ ಫೈಬರೇ ಎಂದಾಯಿತು. ಪಂಚಾಯ್ತಿ ಕಚೇರಿಯವರೆಗೆ ಎಳೆ ಬಂದು ಕೂತು ವರ್ಷಗಳಾಗಿವೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿಯೇ ದೇಶದ ಎರಡೂವರೆ ಲಕ್ಷ ಪಂಚಾಯ್ತಿಗಳು. ಅಲ್ಲಿಂದ ಮನೆಬಾಗಿಲು ಮಾತ್ರ ನಮ್ಮ ನಮ್ಮ ಪಾಡು. ಅಕ್ಕನ ಮನೆ ಕೇರಿಯ ಕೊನೆಯದು. ಕೇಬಲಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು, ನಡುವೆ ಕಂಬವಿಲ್ಲ, ತೋಟವಿದೆ. ದಾರಿಯ ಮೂರು ಮನೆಯವರನ್ನು ಸೇರಿಸಿ ಖರ್ಚು ಹಂಚಿಕೊಂಡೆವು. ಹತ್ತು ವ್ಯಾಟಿನ ಮೋಡೆಮಿಗೆ ಸಣ್ಣದೊಂದು ಯುಪಿಎಸ್ ತಂದದ್ದಾಯಿತು. ಲೈನ್ ಕಡಿದ ದಿನಕ್ಕೆಂದು ಅಟ್ಟದ ಕಿಟಕಿಯಲ್ಲಿ ಒಂದು ಸಿಮ್ ರೂಟರ್.

ಮರದಿಂದ ಮರಕ್ಕೆ ಕೇಬಲ್ ದಾಟಿಸಿದವನು ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ. ಗಾಳಿಗೆ ಮರ ತೂಗುತ್ತದೆ, ಬಿಗಿಯಾಗಿ ಎಳೆದರೆ ಹರಿಯುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಮೀಟರ್ −21 ತೋರಿಸಿದ ಮೇಲೆ ಲೈನಿನ ಹುಡುಗ ಉಳಿದ ಹತ್ತು ಮೀಟರ್ ಕೇಬಲನ್ನು ಕತ್ತರಿಸದೆ ಸುರುಳಿ ಸುತ್ತಿ, ತೋಟದ ಬಾಯಿಯ ಹಲಸಿನ ಮರಕ್ಕೆ ನೇತುಹಾಕಿದ.

"ಇದ್ಯಾಕೆ ಇಷ್ಟು?" ಎಂದ ಅಳಿಯ.

"ಇರ್ಲಿ ಬಿಡಿ, ಮಳೆಗಾಲಕ್ಕೆ ಬೇಕಾಗ್ತದೆ."