ಬೋಟಿಗೆ ಬ್ರೇಕ್ ಇಲ್ಲ

ಮಲ್ಪೆಯ ದಕ್ಕೆಗೆ ಮೀನಿನ ಬೋಟು ಬರ್ತಾ ಇದೆ. ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದಾರೆ.

ಬಸ್ಸಿಗೆ ಬ್ರೇಕ್ ಇದೆ. ಬೋಟಿಗೆ ಇಲ್ಲ. ಹಾಗಾದರೆ ಬೋಟು ನಿಲ್ಲೋದು ಹೇಗೆ?

ಬೋಟಿನ ಹೊಟ್ಟೆಯೊಳಗೆ ಇಂಜಿನ್ ಇದೆ. ಅದು ನೀರಿನ ಕೆಳಗಿನ ಫ್ಯಾನನ್ನು ತಿರುಗಿಸುತ್ತದೆ. ಫ್ಯಾನಿನ ಹಿಂದೆ ಚುಕ್ಕಾಣಿಯ ಹಲಗೆ ಇದೆ. ಫ್ಯಾನು ತಳ್ಳಿದ ನೀರು ಹಲಗೆಗೆ ಬಡಿಯಬೇಕು. ಆಗ ಬೋಟು ತಿರುಗುತ್ತದೆ. ಫ್ಯಾನು ನಿಂತು ವೇಗ ಇಳಿದರೆ ಚುಕ್ಕಾಣಿ ಮಾತು ಕೇಳದು. ಗಾಳಿ ತಳ್ಳಿದ ಕಡೆಗೆ ಬೋಟು ಸರಿಯುತ್ತದೆ.

ಅದಕ್ಕೇ ದೂರದಲ್ಲೇ ವೇಗ ಇಳಿಸುತ್ತಾರೆ. ತಿರುಗಿಸಲು ಸ್ವಲ್ಪ ಗೇರು ಹಾಕುತ್ತಾರೆ, ಮತ್ತೆ ಬಿಡುತ್ತಾರೆ. ಕೊನೆಗೆ ರಿವರ್ಸ್ ಗೇರು. ಫ್ಯಾನು ಉಲ್ಟಾ ತಿರುಗಿ ಬೋಟು ನಿಲ್ಲುತ್ತದೆ. ಆಗ ಅದರ ಹಿಂಭಾಗ ಪಕ್ಕಕ್ಕೆ ವಾಲಬಹುದು.

ಅಕ್ಕಾ, ಬೋಟಿಗೂ ದಕ್ಕೆಗೂ ನಡುವೆ ಕೈಕಾಲು ಇಡಬೇಡಿ. ಹಗ್ಗ ಕಟ್ಟುವವರೆಗೆ ಕಾಯಿರಿ. ಮೀನು ಎಲ್ಲೂ ಓಡಿಹೋಗೋದಿಲ್ಲ!